ನಾಲ್ಕು ದಿನ, ನಾಲ್ಕು ಕವರು: ಮಕ್ಕಳ ಜೊತೆ ಹೈದರಾಬಾದ್

ಡಿಸೆಂಬರ್ ರಜೆಗೆ ಎಲ್ಲಾದರೂ ಹೋಗಲೇಬೇಕು ಅಂತ ಪುಟ್ಟಿ ಹಠ ಹಿಡಿದಿದ್ದಳು. ಮೈಸೂರು ಮೂರು ಸಲ ಆಗಿತ್ತು. ನಮ್ಮ ಕೈಲಿ ಇದ್ದದ್ದು ₹15,000. ಪುಟ್ಟಿಗೆ ಏಳು ವರ್ಷ, ಗುಂಡನಿಗೆ ಮೂರು. ಇಷ್ಟು ದುಡ್ಡಲ್ಲಿ, ಇಂಥ ಎರಡು ಪ್ರಾಣಿಗಳನ್ನು ಕಟ್ಟಿಕೊಂಡು, ಒಂದು ದೊಡ್ಡ ಊರು ನೋಡಿ ಬರಲು ಆಗುತ್ತಾ ಅಂತ ನಮ್ಮೆಜಮಾನ್ರು ಕೇಳಿದರು. ಆಗುತ್ತೆ ಅಂದೆ. ಹೇಗೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ಹೈದರಾಬಾದ್ ಅಂತ ತೀರ್ಮಾನ ಆಗಿದ್ದು ರೈಲಿನಿಂದ. ಬೆಂಗಳೂರಲ್ಲಿ ಸಂಜೆ ಹತ್ತಿದರೆ ಬೆಳಗ್ಗೆ ಕಾಚಿಗುಡ. ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ರೈಲಲ್ಲೇ ಕಳೆಯುತ್ತೆ, ಎರಡು ರಾತ್ರಿಯ ಲಾಡ್ಜ್ ಬಾಡಿಗೆ ಉಳಿಯಿತು. ಐದು ವರ್ಷದೊಳಗಿನ ಮಕ್ಕಳಿಗೆ ಬರ್ತ್ ಬೇಡ ಅಂದರೆ ಟಿಕೆಟ್ಟೇ ಇಲ್ಲ, ಹಾಗಾಗಿ ಗುಂಡ ಫ್ರೀ. ಐದರಿಂದ ಹನ್ನೆರಡರವರಿಗೆ ಬರ್ತ್ ಬೇಕಾದರೆ ಪೂರ್ತಿ ಚಾರ್ಜು, ಬೇಡವಾದರೆ ಅರ್ಧ. ಅರ್ಧದ ಆಸೆಗೆ ಬಿದ್ದು ಒಂದೇ ಬರ್ತಲ್ಲಿ ಏಳು ವರ್ಷದವಳನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ ರಾತ್ರಿಯಿಡೀ ಯಾರಿಗೂ ನಿದ್ದೆ ಇರಲ್ಲ. ಸ್ಲೀಪರಲ್ಲಿ ಮೂರು ಬರ್ತ್ ತಗೊಂಡೆವು.

ಆಮೇಲೆ ದಿನ ಹೊಂದಿಸುವ ಕೆಲಸ. ಇದು ಮುಖ್ಯ. ಸಾಲಾರ್ ಜಂಗ್ ಮ್ಯೂಸಿಯಂಗೆ ಶುಕ್ರವಾರ ರಜೆ. ಮೃಗಾಲಯಕ್ಕೆ ಸೋಮವಾರ ರಜೆ. ಚಾರ್‌ಮಿನಾರ್ ಪಕ್ಕದಲ್ಲೇ ಮೆಕ್ಕಾ ಮಸೀದಿ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಜನ ಸೇರುತ್ತಾರೆ, ಅವತ್ತು ಆ ಕಡೆ ಮಕ್ಕಳನ್ನು ಎತ್ಕೊಂಡು ಹೋಗೋದು ಬೇಡ. ಅದಕ್ಕೇ ಬುಧವಾರ ರಾತ್ರಿ ಹೊರಟು ಗುರುವಾರ ಇಳಿದು, ಭಾನುವಾರ ರಾತ್ರಿ ವಾಪಸ್. ರಾಮೋಜಿ ಫಿಲ್ಮ್ ಸಿಟಿ ಬೇಡವೇ ಬೇಡ ಅಂತ ಮೊದಲೇ ಗೆರೆ ಎಳೆದೆ. ಊರಿನಿಂದ ದೂರ, ಇಡೀ ದಿನ ಬೇಕು, ನಾಲ್ಕು ಜನರ ಟಿಕೆಟ್ಟಿಗೆ ನಮ್ಮ ಎರಡು ದಿನದ ಖರ್ಚು ಹೋಗುತ್ತೆ. ಮೂರು ವರ್ಷದವನಿಗೆ ಸಿನಿಮಾ ಸೆಟ್ಟೂ ಒಂದೇ, ನಮ್ಮನೆ ಹಿತ್ತಲೂ ಒಂದೇ.

ರೈಲು, ಲಾಡ್ಜ್ ಸೇರಿ ₹7,000ದ ಒಳಗೆ ಮುಗಿಯಿತು. ₹2,000 ಆಪತ್ತಿಗೆ ಅಂತ ಅವರ ಪರ್ಸಿನ ಒಳಜೇಬಿಗೆ. ಉಳಿದ ₹6,000ವನ್ನು ಮದುವೆಗಳಲ್ಲಿ ಮುಯ್ಯಿ ಹಾಕ್ತಾರಲ್ಲ, ಆ ಥರದ ನಾಲ್ಕು ಕವರಿಗೆ ಹಾಕಿದೆ. ದಿನಕ್ಕೆ ₹1,500. ಊಟ, ಬಸ್ಸು, ಟಿಕೆಟ್ಟು, ಐಸ್‌ಕ್ರೀಮು, ಎಲ್ಲಾ ಆ ಕವರಿಂದಲೇ. ಪುಟ್ಟಿಗೆ ಬೇರೆ ಒಂದು ಪುಟಾಣಿ ಪರ್ಸು, ಅದರಲ್ಲಿ ₹200. ಏನು ಬೇಕಾದರೂ ತಗೋ, ಖಾಲಿಯಾದ ಮೇಲೆ ಕೇಳಬೇಡ ಅಂದೆ. ಅವಳು ದುಡ್ಡನ್ನು ಎರಡೆರಡು ಸಲ ಎಣಿಸಿ ಜಿಪ್ ಎಳೆದಳು.

ಬ್ಯಾಗಲ್ಲಿ ಬಟ್ಟೆಗಿಂತ ತಿಂಡಿ ಜಾಸ್ತಿ ಇತ್ತು. ಗೊಜ್ಜವಲಕ್ಕಿ ಪುಡಿ ಬೆರೆಸಿದ ಅವಲಕ್ಕಿ, ರಾಗಿ ಹುರಿಹಿಟ್ಟು, ಚಟ್ನಿಪುಡಿ, ಒಂದು ಸಣ್ಣ ಕರೆಂಟ್ ಕೆಟಲ್.

ಗುರುವಾರ

ಕಾಚಿಗುಡ ಸ್ಟೇಷನ್ ಕಟ್ಟಿದ್ದು 1916ರಲ್ಲಿ, ನಿಜಾಮರ ಕಾಲದಲ್ಲಿ. ಬೆಳ್ಳಗಿನ ಗುಮ್ಮಟಗಳು, ದೂರದಿಂದ ಅರಮನೆ ಥರ ಕಾಣುತ್ತೆ. ನಾನು ಅದನ್ನು ನೋಡ್ತಾ ನಿಂತಿದ್ದರೆ ಪುಟ್ಟಿ ಪ್ಲಾಟ್‌ಫಾರ್ಮಿನ ಹಳದಿ ಬೋರ್ಡ್ ನೋಡ್ತಾ ನಿಂತಿದ್ದಳು. ತೆಲುಗು ಸಾಲಿನ ಮೇಲೆ ಬೆರಳಾಡಿಸಿ, "ಅಮ್ಮ, ಚಿ-ಗೂ-ಡ. ಮೊದಲನೇ ಅಕ್ಷರ ತಪ್ಪು ಬರೆದಿದ್ದಾರೆ" ಅಂದಳು.

ನಗು ಬಂತು. ತೆಲುಗಿನ 'ಕ' ನಮ್ಮ 'ಕ' ಥರ ಇರಲ್ಲ. 'ತ' ಕೂಡ ಬೇರೆ. ಮಿಕ್ಕ ಎಷ್ಟೋ ಅಕ್ಷರ ತಲೆಕಟ್ಟು ಬದಲಾಯಿಸಿಕೊಂಡ ನಮ್ಮ ಅಕ್ಷರಗಳೇ. ಅದು ತಪ್ಪಲ್ಲ ಕಣೇ, ಅವರ 'ಕ' ಹಾಗೆ ಅಂತ ಹೇಳಿದೆ. ಅಷ್ಟೇ, ನಾಲ್ಕು ದಿನ ಅವಳಿಗೆ ಅದೇ ಆಟವಾಯಿತು. ಒಂದು ರೂಪಾಯಿ ಖರ್ಚಿಲ್ಲ. ಬಸ್ಸಲ್ಲಿ, ಆಟೋದಲ್ಲಿ, ಊಟಕ್ಕೆ ಕಾಯುವಾಗ, ಎಲ್ಲಿ ಕೂತರೂ ಬೋರ್ಡ್ ಓದುವುದು. ನಾಂಪಲ್ಲಿಗೆ ಹೋದಾಗ ಮೆಟ್ರೋ ಸ್ಟೇಷನ್ ಹೆಸರನ್ನು ಪೂರ್ತಿ, ಒಂದೂ ತಪ್ಪಿಲ್ಲದೆ ಓದಿ, ರಸ್ತೆ ಮಧ್ಯದಲ್ಲೇ ಕುಣಿದಳು.

ಲಾಡ್ಜ್ ಇದ್ದದ್ದು ನಾಂಪಲ್ಲಿಯಲ್ಲೇ, ಮೆಟ್ರೋಗೆ ನಡೆಯುವಷ್ಟು ಹತ್ತಿರ. ದಿನಕ್ಕೆ ₹1,400. ಫೋನಲ್ಲಿ "ಬೆಳಗ್ಗೆ ಎಷ್ಟೊತ್ತಿಗಾದ್ರೂ ಬನ್ನಿ" ಅಂದಿದ್ದವರು, ಏಳು ಗಂಟೆಗೆ ಎದುರಿಗೆ ನಿಂತಾಗ "ಹನ್ನೆರಡಕ್ಕೆ ಮುಂಚೆ ಬೇಕಾದರೆ ಅರ್ಧ ದಿನದ ಬಾಡಿಗೆ" ಅಂದರು. ₹700! ಜಗಳ ಆಡಲು ಬಾಯಿಗೆ ಬಂದಿತ್ತು. ನಮ್ಮೆಜಮಾನ್ರು ನನ್ನ ಕೈ ಅದುಮಿದರು. ಪುಣ್ಯಕ್ಕೆ ಸ್ಟೇಷನ್ ವೇಟಿಂಗ್ ರೂಮಲ್ಲೇ ಮುಖ ತೊಳೆಸಿ, ಮಕ್ಕಳ ಬಟ್ಟೆ ಬದಲಾಯಿಸಿಯಾಗಿತ್ತು. ಬ್ಯಾಗುಗಳನ್ನು ಮಾತ್ರ ಲಾಡ್ಜಲ್ಲಿ ಬಿಟ್ಟು, ಇಡ್ಲಿ ತಿಂದು, ಪಬ್ಲಿಕ್ ಗಾರ್ಡನ್ಸಿಗೆ ನಡೆದೆವು.

ಬಾಗ್-ಎ-ಆಮ್ ಅಂತ ಅದರ ಹಳೇ ಹೆಸರು. ಎಲ್ಲರಿಗೂ ಸೇರಿದ ತೋಟ ಅಂತ ಅರ್ಥ. ಒಳಗೆ ಹೋಗಲು ದುಡ್ಡಿಲ್ಲ. ಇಡೀ ರಾತ್ರಿ ರೈಲಲ್ಲಿ ಮುದುಡಿಕೊಂಡಿದ್ದ ಮಕ್ಕಳು ಅಲ್ಲಿ ಬಿಟ್ಟ ಬಾಣದ ಹಾಗೆ ಓಡಿದರು. ನಾವು ಬೆಂಚಿನ ಮೇಲೆ ಕೂತು ಒಂದು ಗಂಟೆ ಸುಮ್ನೆ ಬಿಸಿಲು ಕಾಯಿಸಿದೆವು. ಅದೇ ತೋಟದೊಳಗೆ ರಾಜ್ಯ ಮ್ಯೂಸಿಯಂ ಇದೆ, ಅಲ್ಲೊಂದು ಈಜಿಪ್ಟಿನ ಮಮ್ಮಿ ಇದೆ. ಎರಡು ಸಾವಿರ ವರ್ಷಕ್ಕೂ ಹಳೆಯದು. ಪುಟ್ಟಿ ಗಾಜಿಗೆ ಮೂಗು ಒತ್ತಿ "ಸತ್ತಿದ್ದಾಳಾ, ಮಲಗಿದ್ದಾಳಾ?" ಅಂತ ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಗುಂಡ ಬಾಯಿ ಮೇಲೆ ಬೆರಳಿಟ್ಟು "ಶ್ಶ್" ಅಂದ. ಅಲ್ಲಿಂದ ಹೊರಗೆ ಬರುವ ತನಕ ಕಾಲು ಸದ್ದಾಗದ ಹಾಗೆ ನಡೆದ.

ಹನ್ನೆರಡಕ್ಕೆ ರೂಮು ಸಿಕ್ಕಿತು. ಕಿಟಕಿ ಇದೆ ಅಂತ ಫೋಟೋದಲ್ಲಿತ್ತು. ಇತ್ತು, ನಿಜ. ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಮಲಗೋಕೆ ಕತ್ತಲಾಯಿತು ಬಿಡಿ. ನಾಲ್ಕೂ ಜನ ನಾಲ್ಕು ಗಂಟೆ ತನಕ ಸತ್ತ ಹಾಗೆ ನಿದ್ದೆ.

ಸಂಜೆ ಬಿರ್ಲಾ ಮಂದಿರ. ನೌಬತ್ ಪಹಾಡ್ ಅನ್ನುವ ಗುಡ್ಡದ ಮೇಲೆ, ರಾಜಸ್ಥಾನದ ಬಿಳಿ ಅಮೃತಶಿಲೆಯಲ್ಲಿ ಕಟ್ಟಿದ ವೆಂಕಟೇಶ್ವರನ ಗುಡಿ, 1976ರದ್ದು. ಮೆಟ್ಟಿಲು ಹತ್ತಲ್ಲ ಅಂತ ಕೂತ ಗುಂಡನಿಗೆ ನಾನು "ಮೇಲೆ ಹೋದರೆ ದೊಡ್ಡ ಗಂಟೆ ಹೊಡೀಬಹುದು" ಅಂತ ಆಸೆ ತೋರಿಸಿದೆ. ಅಲ್ಲೇ ನಾನು ಕೆಟ್ಟೆ. ಆ ಗುಡಿಯಲ್ಲಿ ಗಂಟೆಯೇ ಇಲ್ಲ! ಧ್ಯಾನಕ್ಕೆ ಅಡ್ಡಿಯಾಗಬಾರದು ಅಂತ ಬೇಕೆಂದೇ ಇಟ್ಟಿಲ್ಲವಂತೆ. ಅಪ್ಪನ ಹೆಗಲ ಮೇಲೆ ಕೂತು, ಕೈ ಮೇಲೆತ್ತಿ, ಎಲ್ಲಾ ಕಂಬದ ನಡುವೆ ಹುಡುಕಿದ. ಆಮೇಲೆ ಅಷ್ಟು ಶಾಂತವಾದ ಜಾಗದಲ್ಲಿ ಶುರುವಾಯಿತು ನೋಡಿ ಅಳು. ಧ್ಯಾನಕ್ಕೆ ಕೂತಿದ್ದವರೆಲ್ಲ ಕಣ್ಣು ಬಿಟ್ಟರು. ಮೇಲಿಂದ ಹುಸೇನ್ ಸಾಗರದ ದೀಪಗಳು ತುಂಬಾ ಚೆಂದ ಕಾಣುತ್ತವೆ ಅಂತ ಕೇಳಿದ್ದೆ. ನಾನು ನೋಡಿದ್ದು ಅರ್ಧ ನಿಮಿಷ. ರಾತ್ರಿ ರೂಮಲ್ಲಿ ಸ್ಟೀಲ್ ತಟ್ಟೆಗೆ ಚಮಚದಲ್ಲಿ ಹೊಡೆದು ಹೊಡೆದು ತಾನೇ ಸಮಾಧಾನ ಮಾಡಿಕೊಂಡ. ಪಕ್ಕದ ರೂಮಿನವರು ಗೋಡೆ ತಟ್ಟಿದರು.

ಕವರಲ್ಲಿ ₹640 ಉಳಿದಿತ್ತು. ನಾವು ಭಾರೀ ಜಾಣರು ಅಂದುಕೊಂಡು ಮಲಗಿದೆವು.

ಶುಕ್ರವಾರ

ಕೆಟಲ್ ನೀರಲ್ಲಿ ಅವಲಕ್ಕಿ ನೆನೆಸಿ ತಿಂದು ಗೋಲ್ಕೊಂಡಕ್ಕೆ ಹೊರಟೆವು. ಮೆಹದಿಪಟ್ನಂ ತನಕ ಒಂದು ಸಿಟಿ ಬಸ್ಸು, ಅಲ್ಲಿಂದ ಇನ್ನೊಂದು. ನಮ್ಮೂರ ಅಭ್ಯಾಸಕ್ಕೆ ನಾನು ಕಂಡಕ್ಟರ್ ಮುಂದೆ ಆಧಾರ್ ಹಿಡಿದೆ. ಅಲ್ಲೂ ಹೆಂಗಸರಿಗೆ ಬಸ್ ಫ್ರೀ ತಾನೇ, ಮಹಾಲಕ್ಷ್ಮಿ ಯೋಜನೆ, 2023ರ ಡಿಸೆಂಬರಿಂದ. ಅವರು ಕಾರ್ಡು ತಿರುಗಿಸಿ ನೋಡಿ ನಕ್ಕರು. "ಇದಿ ಕರ್ನಾಟಕ ಕದಮ್ಮಾ!" ತೆಲಂಗಾಣದ ವಿಳಾಸ ಇರುವವರಿಗೆ ಮಾತ್ರ. ನಮ್ಮ ಶಕ್ತಿಗೆ ಅಲ್ಲಿ ಶಕ್ತಿ ಇಲ್ಲ. ದುಡ್ಡು ಕೊಟ್ಟು ಟಿಕೆಟ್ ತಗೊಂಡೆ.

ಕೋಟೆಯ ಟಿಕೆಟ್ ದೊಡ್ಡವರಿಗೆ ₹25. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಾಲ್ಕು ಜನಕ್ಕೆ ₹50, ಇಡೀ ಬೆಳಗ್ಗೆ ನಿಮ್ಮದು. ಬಾಗಿಲಿಗೆ ಹೊಡೆದಿರುವ ಕಬ್ಬಿಣದ ಮೊಳೆಗಳು ಆನೆ ಬಂದು ಗುದ್ದದಿರಲಿ ಅಂತ ಎಂದಾಗ ಪುಟ್ಟಿ ಅಲ್ಲೇ ಐದು ನಿಮಿಷ ನಿಂತಳು. "ಆನೆಗೆ ರಕ್ತ ಬರ್ತಿತ್ತಾ?" 1687ರಲ್ಲಿ ಔರಂಗಜೇಬ ಎಂಟು ತಿಂಗಳು ಮುತ್ತಿಗೆ ಹಾಕಿದ ಕಥೆಯೆಲ್ಲ ಅವಳಿಗೆ ಬೇಡ. ಆನೆಯ ವಿಷಯ ಹೇಳು.

ಇಲ್ಲಿನ ಚಪ್ಪಾಳೆ ನಿಮಗೆ ಗೊತ್ತಿರುತ್ತೆ. ಬಾಗಿಲ ಹತ್ತಿರದ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯಲ್ಲಿ, ಸುಮಾರು ಒಂದು ಕಿಲೋಮೀಟರ್ ಆಚೆ, ಕೇಳಿಸುತ್ತೆ. ಶತ್ರು ಬಂದರೆ ಮೇಲಿನವರಿಗೆ ಸುದ್ದಿ ಮುಟ್ಟಿಸಲು ಹಾಗೆ ಕಟ್ಟಿದ್ದು. ಗುಂಡನನ್ನು ಎತ್ಕೊಂಡು ಮುನ್ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು ಹತ್ತುವುದು ಆಗದ ಮಾತು. ಅಪ್ಪ ಮಗ ಕೆಳಗೆ ಉಳಿದರು, ನಾನು ಮಗಳು ಮೇಲೆ ಹೋದೆವು. ತುದಿಗೆ ಹೋಗಿ ಫೋನ್ ಮಾಡಿದೆ, "ಹ್ಞೂಂ, ತಟ್ಟಿ." ಚಟ್ ಅಂತ ಕೇಳಿಸಿತು. ಆದರೆ ಕೆಳಗೆ ಬಂದ ಪ್ರತಿಯೊಬ್ಬರೂ ತಟ್ಟುತ್ತಾ ಇರುತ್ತಾರಲ್ಲ! ಯಾರದು ಅಂತ ಹೇಗೆ ಹೇಳೋದು? ಪುಟ್ಟಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ಅಪ್ಪಾ, ಮೂರು ಸಲ ತಟ್ಟು, ಸ್ವಲ್ಪ ನಿಲ್ಲಿಸು, ಆಮೇಲೆ ಎರಡು ಸಲ" ಅಂದಳು. ಕಿವಿಗೆ ಎರಡೂ ಕೈ ಅಡ್ಡ ಹಿಡಿದು ಕಾದಳು. ಚಟ್ ಚಟ್ ಚಟ್. ಚಟ್ ಚಟ್. ತೆಳ್ಳಗೆ, ಯಾರೋ ಪಕ್ಕದ ರೂಮಲ್ಲಿ ಒಣಕಡ್ಡಿ ಮುರಿದ ಹಾಗೆ. "ನಮ್ಮಪ್ಪ!" ಅಂತ ಅವಳು ಕೂಗಿದ್ದಕ್ಕೆ ಅಲ್ಲಿದ್ದ ಅಪರಿಚಿತರೂ ಚಪ್ಪಾಳೆ ತಟ್ಟಿದರು.

ಇಲ್ಲಿ ತನಕ ಚೆನ್ನಾಗಿತ್ತು. ಆಮೇಲೆ ನಾವೊಂದು ತಪ್ಪು ಮಾಡಿದೆವು. ಇಷ್ಟು ದೂರ ಬಂದಿದ್ದೇವೆ, ಹತ್ತಿರದಲ್ಲೇ ಇರುವ ಕುತುಬ್ ಶಾಹಿ ಗೋರಿಗಳನ್ನೂ ನೋಡಿಬಿಡೋಣ ಅಂತ ಹೊರಟೆವು. ಹನ್ನೆರಡೂವರೆ ಬಿಸಿಲು. ಗೇಟಿನ ತನಕ ಹೋಗುವಷ್ಟರಲ್ಲಿ ಗುಂಡ ನೆಲದ ಮೇಲೆ ಅಂಗಾತ ಮಲಗಿಬಿಟ್ಟ, ಪುಟ್ಟಿಗೆ ಕಾಲು ನೋವು, ನನಗೆ ತಲೆನೋವು. ಸಮಾಧಾನಕ್ಕೆ ಐಸ್‌ಕ್ರೀಮು, ಜ್ಯೂಸು ₹180. ಸೋಪಿನ ಗುಳ್ಳೆ ಬಿಡುವ ಪಿಸ್ತೂಲು ₹80, ಅದು ಆಟೋ ಹತ್ತುವ ಮೊದಲೇ ಸೋರಿ ಖಾಲಿ. ಬಸ್ಸಿಗೆ ಕಾಯುವ ಶಕ್ತಿ ಯಾರಿಗೂ ಇರಲಿಲ್ಲ, ಆಟೋದವರು ಹೇಳಿದ ₹350ಕ್ಕೆ ಚೌಕಾಸಿ ಮಾಡುವ ಶಕ್ತಿಯೂ ಇರಲಿಲ್ಲ. ಕೋಟೆ ನೋಡಲು ₹50, ಕೋಟೆಯಿಂದ ರೂಮಿಗೆ ಬರಲು ₹610. ಗೋರಿಗಳನ್ನು ನೋಡಲೂ ಇಲ್ಲ.

ಮಕ್ಕಳ ಜೊತೆ ಹೋದಾಗ ದುಡ್ಡು ಟಿಕೆಟ್ಟಿಗೆ ಹೋಗಲ್ಲ, ಸುಸ್ತಿಗೆ ಹೋಗುತ್ತೆ. ಅವತ್ತು ರಾತ್ರಿ ಲೆಕ್ಕ ಬರೆಯುವಾಗ ಇದು ಕಣ್ಣಿಗೆ ಹೊಡೆದ ಹಾಗೆ ಕಂಡಿತು. ಹಸಿವು ಶುರುವಾಗುವ ಅರ್ಧ ಗಂಟೆ ಮುಂಚೆ ತಿನ್ನಿಸಬೇಕು, ಅಳು ಶುರುವಾಗುವ ಅರ್ಧ ಗಂಟೆ ಮುಂಚೆ ವಾಪಸ್ ಹೊರಡಬೇಕು. ಬೆಳಗ್ಗೆ ಒಂದು ಜಾಗ, ಮಧ್ಯಾಹ್ನ ನಿದ್ದೆ, ಸಂಜೆ ಒಂದು. ಲಾಡ್ಜ್ ಊರಿನ ಮಧ್ಯದಲ್ಲಿ ಇರಬೇಕಾಗಿರುವುದೂ ಇದಕ್ಕೇ. ದೂರದಲ್ಲಿ ₹300 ಕಡಿಮೆಗೆ ರೂಮು ಸಿಕ್ಕರೂ ಮಧ್ಯಾಹ್ನ ವಾಪಸ್ ಬಂದು ಮಲಗಿಸಲು ಆಗಲ್ಲ, ಆಗ ದಿನಾ ಹೀಗೆ ₹610 ಬಿಡಬೇಕಾಗುತ್ತೆ.

ಸಂಜೆ ನಾಂಪಲ್ಲಿ ಸ್ಟೇಷನ್ನಿಂದ ಎಂಎಂಟಿಎಸ್ ಲೋಕಲ್ ರೈಲು ಹತ್ತಿದೆವು. ಇದರ ಟಿಕೆಟ್ಟು ಐದು ರೂಪಾಯಿಯಿಂದ ಶುರು. ನೆಕ್ಲೆಸ್ ರೋಡ್ ಸ್ಟೇಷನ್ ತನಕ, ಕಿಟಕಿ ಪಕ್ಕ. ರೈಲು ಹುಚ್ಚಿನ ಮಗು ಇರುವವರಿಗೆ ಇದಕ್ಕಿಂತ ಅಗ್ಗದ ಸುಖ ಆ ಊರಲ್ಲಿಲ್ಲ. ಕೆರೆ ದಂಡೆಯಲ್ಲಿ ಒಂದಷ್ಟು ನಡೆದು, ಲುಂಬಿನಿ ಪಾರ್ಕಿನಿಂದ ದೋಣಿಯಲ್ಲಿ ಬುದ್ಧನ ಹತ್ತಿರ ಹೋದೆವು.

ಹುಸೇನ್ ಸಾಗರದ ಮಧ್ಯೆ ನಿಂತಿರುವ ಆ ಬುದ್ಧ ಒಂದೇ ಕಲ್ಲಿನದು, ಸುಮಾರು 18 ಮೀಟರ್ ಎತ್ತರ. 1990ರಲ್ಲಿ ತೆಪ್ಪದ ಮೇಲೆ ಸಾಗಿಸುವಾಗ ಜಾರಿ ಕೆರೆಗೆ ಬಿತ್ತು. ಎತ್ತಿ ನಿಲ್ಲಿಸಿದ್ದು 1992ರ ಡಿಸೆಂಬರಲ್ಲಿ. ಕೆರೆಗೆ ಬಿದ್ದ ದಿನ ಜನ ಸತ್ತಿದ್ದನ್ನು ಮಕ್ಕಳಿಗೆ ಹೇಳಲಿಲ್ಲ. ಎರಡು ವರ್ಷ ನೀರೊಳಗೆ ಮಲಗಿದ್ದ ಅಂದಿದ್ದೇ ಸಾಕಾಯಿತು. "ಉಸಿರು ಕಟ್ಟಿಕೊಂಡಿದ್ನಾ?" ಅಂತ ಗುಂಡ. ಹೌದು ಕಣೋ, ಅದಕ್ಕೇ ಅಷ್ಟು ಶಾಂತವಾಗಿ ನಿಂತಿದ್ದಾನೆ ಅಂದರು ಇವರು. ದೋಣಿ ವಾಪಸ್ ಬರುವ ತನಕ ಇಬ್ಬರೂ ಮೂಗು ಹಿಡಿದುಕೊಂಡು ಯಾರು ಎಷ್ಟು ಹೊತ್ತು ಅಂತ ಪಂದ್ಯ ಆಡಿದರು.

ಶನಿವಾರ

ಮೃಗಾಲಯ. ನೆಹರೂ ಝೂಲಾಜಿಕಲ್ ಪಾರ್ಕ್ ಶುರುವಾಗಿದ್ದು 1963ರಲ್ಲಿ, ಜಾಗ 380 ಎಕರೆ. 380 ಎಕರೆಯನ್ನು ಮೂರು ವರ್ಷದ ಕಾಲಲ್ಲಿ ಲೆಕ್ಕ ಹಾಕಿ ನೋಡಿ. ನಾವು ಹುಲಿ, ಸಿಂಹ, ಆನೆ, ಹಾವು ಅಂತ ನಾಲ್ಕೇ ಗುರುತು ಹಾಕಿಕೊಂಡು, ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ಮೊದಲೇ ಬ್ಯಾಟರಿ ಗಾಡಿ ಹತ್ತಿಬಿಟ್ಟೆವು. ಸಫಾರಿ ಕ್ಯೂ ನೋಡಿ ಕೈ ಮುಗಿದೆವು. ಮೊಸರನ್ನದ ಡಬ್ಬಿ ಹನ್ನೊಂದೂವರೆಗೇ ತೆಗೆದೆ, ಯಾರೂ ಹಸಿವು ಅನ್ನುವ ಮೊದಲೇ.

ಗುಂಡ ಅತೀ ಹೆಚ್ಚು ಹೊತ್ತು ನೋಡಿದ ಪ್ರಾಣಿ ಯಾವುದು ಗೊತ್ತಾ? ಪ್ರಾಣಿಯೇ ಅಲ್ಲ. ದಾರಿ ಪಕ್ಕ ಗಿಡಗಳಿಗೆ ನೀರು ಬಿಡುತ್ತಿದ್ದ ಪೈಪು. ಅದರ ಜಾಯಿಂಟಲ್ಲಿ ತೂತಾಗಿ ನೀರು ಕಾರಂಜಿ ಥರ ಚಿಮ್ಮುತ್ತಿತ್ತು. ಹಿಂದೆ ಬಿಳಿ ಹುಲಿ ಓಡಾಡುತ್ತಿದೆ, ಜನ ಕೂಗುತ್ತಿದ್ದಾರೆ, ಇವನು ಹುಲಿಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತು ತೂತಿಗೆ ಬೆರಳಿಟ್ಟು ತೆಗೆದು ಇಟ್ಟು ತೆಗೆದು. ಮೊದಲೆಲ್ಲ ಆಗಿದ್ದರೆ "ದುಡ್ಡು ಕೊಟ್ಟು ಬಂದಿದ್ದೀವಿ, ಹುಲಿ ನೋಡೋ" ಅಂತ ಎಳೆಯುತ್ತಿದ್ದೆ. ಅವತ್ತು ನಾನೂ ಪಕ್ಕದಲ್ಲಿ ಕೂತೆ. ಕಾಲಿಗೆ ಆರಾಮ ಸಿಕ್ಕಿತು.

ಮಧ್ಯಾಹ್ನ ನಿದ್ದೆಗೆ ರೂಮಿಗೆ ಹೋಗುವುದು ಅಂತಿತ್ತು, ಆದರೆ ಝೂ ಹತ್ತಿರವೇ ಸುಧಾ ಕಾರ್ಸ್ ಮ್ಯೂಸಿಯಂ. ನಿಯಮ ಮುರಿದೆವು. ಆದರೆ ಈ ಸಲ ಪಶ್ಚಾತ್ತಾಪ ಇಲ್ಲ. ಸುಧಾಕರ್ ಅನ್ನುವವರು ತಾವೇ ತಯಾರಿಸಿದ ಚಿತ್ರವಿಚಿತ್ರ ಗಾಡಿಗಳನ್ನು ಇಲ್ಲಿಟ್ಟಿದ್ದಾರೆ. ಬೂಟಿನ ಆಕಾರದ ಕಾರು, ಕ್ರಿಕೆಟ್ ಬ್ಯಾಟಿನ ಕಾರು, ಬದನೆಕಾಯಿ ಕಾರು, ಅಷ್ಟೇ ಯಾಕೆ, ಕಮೋಡಿನ ಆಕಾರದ್ದೂ ಇದೆ. 2005ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ದೈತ್ಯ ಮೂರು ಗಾಲಿ ಸೈಕಲ್ ಇವರದ್ದೇ. ಮನೆಯಲ್ಲಿ ಬದನೆಕಾಯಿ ಕಂಡರೆ ತಟ್ಟೆ ತಳ್ಳುವ ಪುಟ್ಟಿ, ಆ ಬದನೆಕಾಯಿ ಕಾರನ್ನು ಬಿಟ್ಟು ಬರಲು ಒಪ್ಪಲಿಲ್ಲ. ಇದೇ ಕಾರಲ್ಲಿ ಸ್ಕೂಲಿಗೆ ಹೋಗೋದಂತೆ. ಕಮೋಡ್ ಕಾರಿನ ಬಗ್ಗೆ ಇಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ರಾತ್ರಿ ಒಂದೇ ಒಂದು ಸಲ ಅಂತ ಬಿರಿಯಾನಿ. ಒಂದು ಪ್ಲೇಟು ನಮ್ಮಿಬ್ಬರಿಗೂ ಜಾಸ್ತಿಯಾಯಿತು. ಮಕ್ಕಳಿಗೆ ಖಾರ ಆಗಲ್ಲ, ಅವರಿಗೆ ಇಡ್ಲಿ. ವಾಪಸ್ ಬರುವಾಗ ಒಂದು ಇರಾನಿ ಹೋಟೆಲಲ್ಲಿ ಚಾ, ಉಸ್ಮಾನಿಯಾ ಬಿಸ್ಕತ್ತು. ಸಿಹಿ, ಉಪ್ಪು ಎರಡೂ ಸೇರಿದ ರುಚಿ. ಇದನ್ನು ಚಾದಲ್ಲಿ ಅದ್ದಲು ಕೈ ಚಳಕ ಬೇಕು, ಎರಡು ಎಣಿಸುವಷ್ಟರಲ್ಲಿ ತೆಗೆಯದಿದ್ದರೆ ಮುರಿದು ತಳ ಸೇರುತ್ತೆ. ಗುಂಡನ ಮೂರೂ ಬಿಸ್ಕತ್ತು ನನ್ನ ಚಾದ ತಳ ಸೇರಿದವು. ಅವನಿಗೆ ಇನ್ನೊಂದು ಕೊಡಲು ಬಂದ ಹೋಟೆಲಿನ ತಾತನಿಗೆ "ನಕ್ಕೋ" ಅಂದ! ಬೇಡ ಅಂತ ಅರ್ಥ, ಮೂರು ದಿನದಲ್ಲಿ ಬೀದಿಯಿಂದ ಕಲಿತ ದಖ್ಖನಿ, ಅಂದರೆ ಅಲ್ಲಿನ ಉರ್ದು. ತಾತ ಖುಷಿಯಾಗಿ ಕೆನ್ನೆ ಹಿಂಡಿ, ಬಿಸ್ಕತ್ತು ಜೇಬಿಗೇ ಹಾಕಿ ಕಳಿಸಿದರು.

ಭಾನುವಾರ

ಬೆಳಗ್ಗೆಯೇ ರೂಮು ಖಾಲಿ ಮಾಡಿ, ಬ್ಯಾಗುಗಳನ್ನು ಕಾಚಿಗುಡ ಸ್ಟೇಷನ್ನಿನ ಕ್ಲೋಕ್ ರೂಮಿಗೆ ಹಾಕಿದೆವು. ಬೀಗ ಹಾಕಿರದ ಬ್ಯಾಗನ್ನು ತಗೊಳ್ಳಲ್ಲ, ಸಣ್ಣ ಬೀಗ ಮನೆಯಿಂದಲೇ ಇಟ್ಟುಕೊಂಡು ಹೋಗಿ. ಒಂಬತ್ತಕ್ಕೆ ಚಾರ್‌ಮಿನಾರ್ ಮುಂದೆ.

ಮೊಹಮ್ಮದ್ ಕುಲಿ ಕುತುಬ್ ಶಾ 1591ರಲ್ಲಿ ಕಟ್ಟಿಸಿದ್ದು. ಪುಟ್ಟಿಗೆ ಕಟ್ಟಡಕ್ಕಿಂತ ಬೋರ್ಡಿನ ಚಿಂತೆ. ಚಾ ಓದಿದಳು, ಮುಂದೆ ಹೋಗದೆ ನಿಂತಳು. ನಾವು 'ರ್ಮಿ' ಬರೆಯುವಾಗ ಅರ್ಕಾವೊತ್ತು ಹಾಕ್ತೀವಿ. ಅಲ್ಲಿ 'ರ'ಗೆ ಗುಡಿಸು ಕೊಟ್ಟು ಅದರ ಕೆಳಗೆ 'ಮ' ಒತ್ತು. ಟೀಚರ್ ಹೇಳಿಕೊಡುವಾಗ ಯಾಕೆ ಅರ್ಕಾವೊತ್ತು ಪಕ್ಕಕ್ಕೆ ಬರುತ್ತೆ ಅಂತ ಅಳುತ್ತಿದ್ದವಳು, "ಇವರದ್ದೇ ಸರಿ ಅಮ್ಮ, ಓದಿದ ಹಾಗೇ ಬರೀತಾರೆ" ಅಂತ ತೀರ್ಪು ಕೊಟ್ಟಳು. ನಾನು ವಾದಕ್ಕೆ ಹೋಗಲಿಲ್ಲ. ಮೇಲೆ ಹತ್ತುವ ಸುರುಳಿ ಮೆಟ್ಟಿಲು ತುಂಬಾ ಕಿರಿದು, ಎತ್ತರ ಜಾಸ್ತಿ. ಮಗು ಎತ್ಕೊಂಡವರು ಬೆಳಗ್ಗೆ ಜನ ಕಡಿಮೆ ಇರುವಾಗಲೇ ಹೋಗುವುದು ಒಳ್ಳೇದು.

ಲಾಡ್ ಬಜಾರಿನಲ್ಲಿ ಪುಟ್ಟಿಯ ಪರ್ಸಿನ ಜಿಪ್ ಮೊದಲ ಸಲ ತೆರೆಯಿತು. ಅರಗಿನ ಬಳೆ. ಅವಳ ಕೈ ಅಳತೆಯದು ಇರಲಿಲ್ಲ. ಅಂಗಡಿಯಲ್ಲಿ ಕೂತಿದ್ದ ಅಜ್ಜ ಅವಳ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಒಂದು ಹಸಿರು ಬಳೆಯನ್ನು ಕೆಂಡದ ಮೇಲೆ ಹಿಡಿದು ಬಿಸಿ ಮಾಡಿ, ಮೆತ್ತಗಾದ ಮೇಲೆ ಮರದ ಅಚ್ಚಿಗೆ ಹಾಕಿ ಒತ್ತಿ ಚಿಕ್ಕದು ಮಾಡಿದರು. ಅರಗಿನ ವಾಸನೆ, ಸಣ್ಣ ಹೊಗೆ. ನೀರಿಗೆ ಅದ್ದಿ, ಆರಿಸಿ, ತೊಡಿಸಿದರು. ₹150 ಹೇಳಿದ್ದನ್ನು ನಾನು ಇಳಿಸಲು ಬಾಯಿ ತೆಗೆಯುವ ಮೊದಲೇ ಪುಟ್ಟಿ ಎಣಿಸಿ ಕೊಟ್ಟುಬಿಟ್ಟಳು. ಅವಳ ದುಡ್ಡು, ನಾನೇನು ಹೇಳಲಿ? ಚೌಕಾಸಿ ಮಾಡಬೇಕಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಅಲ್ಲಿಂದ ಸಾಲಾರ್ ಜಂಗಿಗೆ ಆಟೋ. ಮ್ಯೂಸಿಯಂ ಮೂಸಿ ನದಿ ದಂಡೆಯ ಮೇಲಿದೆ. 1908ರಲ್ಲಿ ಈ ನದಿಗೆ ಮಹಾ ಪ್ರವಾಹ ಬಂದು ಊರೇ ಮುಳುಗಿದಾಗ, ಮತ್ತೆ ಹಾಗಾಗದಿರಲು ಉಪಾಯ ಹೇಳಿ ಅಂತ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎರಡೂ ಜಲಾಶಯ ಬಂದಿದ್ದು ಹಾಗೆ. ಇವರು ಇದನ್ನು ಹೇಳಿದಾಗ ಪುಟ್ಟಿ "ಸ್ಕೂಲಲ್ಲಿ ಫೋಟೋ ಇದೆಯಲ್ಲ, ಪೇಟದ ತಾತ, ಅವರು ಇಲ್ಲಿಗೂ ಬಂದಿದ್ರಾ!" ಅಂತ ನೆಂಟರು ಸಿಕ್ಕ ಹಾಗೆ ಹಿಗ್ಗಿದಳು.

ಹನ್ನೊಂದೂವರೆಗೆ ಒಳಗೆ ಹೋಗಿ, ಬೇರೇನೂ ನೋಡದೆ, ನೇರ ಗಡಿಯಾರದ ಅಂಗಳಕ್ಕೆ. ಬೆಂಚುಗಳು ಆಗಲೇ ತುಂಬುತ್ತಿದ್ದವು. ಆ ಗಡಿಯಾರದೊಳಗೆ ಒಬ್ಬ ಪುಟ್ಟ ಕಮ್ಮಾರ ಸೆಕೆಂಡಿಗೊಂದು ಏಟಿನ ಹಾಗೆ ಸುತ್ತಿಗೆ ಬೀಸುತ್ತಲೇ ಇರುತ್ತಾನೆ. ಗಂಟೆಗೆ ಮೂರು ನಿಮಿಷ ಇರುವಾಗ ಬಾಗಿಲು ತೆಗೆದು ಗಡ್ಡದ ಗೊಂಬೆಯೊಂದು ಹೊರಗೆ ಬರುತ್ತೆ. ಗುಂಡ ಅಪ್ಪನ ಹೆಗಲ ಮೇಲೆ. ನೂರಾರು ಜನ ಗಪ್‌ಚಿಪ್. ಡಣ್! ಗುರುವಾರದಿಂದ ಕಾಯುತ್ತಿದ್ದ ಗಂಟೆ ಕೊನೆಗೂ ಸಿಕ್ಕಿತು. ಎಲ್ಲರೂ ಗಟ್ಟಿಯಾಗಿ ಎಣಿಸಿದರು, ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ಎಲ್ಲಾ ಕಲಸಿಕೊಂಡು. ಹನ್ನೆರಡು ಸಲ ಹೊಡೆದು ಗೊಂಬೆ ಒಳಗೆ ಹೋಯಿತು.

"ಇನ್ನೊಂದ್ಸಲ" ಅಂದ ಗುಂಡ.

ಒಂದು ಗಂಟೆಗೆ ಮತ್ತೆ ಬರ್ತಾನೆ, ಅಷ್ಟರಲ್ಲಿ ಒಂದು ಸುತ್ತು ಹಾಕಿ ಬರೋಣ ಅಂತ ಪುಸಲಾಯಿಸಿ ಎಬ್ಬಿಸಿದೆವು. ಇಟಲಿಯ ಶಿಲ್ಪಿ ಬೆನ್‌ಜೋನಿ ಕೆತ್ತಿದ ಮುಸುಕಿನ ರೆಬೆಕ್ಕಾ ಶಿಲ್ಪದ ಮುಂದೆ ನಾನು ನಿಂತುಬಿಟ್ಟೆ. ಕಲ್ಲಿನಲ್ಲಿ ಒದ್ದೆ ಮಲ್ಮಲ್ ಬಟ್ಟೆ ಹೊದಿಸಿದ ಹಾಗಿದೆ, ಒಳಗಿನ ಮುಖ ಕಾಣುತ್ತೆ. ಪುಟ್ಟಿ ಇನ್ನೊಂದು ಕಡೆ ಮರದ ಬೊಂಬೆಯ ಬೆನ್ನ ಹಿಂದಿನ ಕನ್ನಡಿ ನೋಡಿ ಕಿರುಚಿದಳು. ಮುಂದಿನಿಂದ ಎದೆಯುಬ್ಬಿಸಿ ನಿಂತ ಮೆಫಿಸ್ಟೋಫಿಲಿಸ್, ಫೌಸ್ಟ್ ಅನ್ನುವ ಜರ್ಮನ್ ನಾಟಕದ ಸೈತಾನ, ಕನ್ನಡಿಯಲ್ಲಿ ತಲೆ ತಗ್ಗಿಸಿದ ಅದೇ ನಾಟಕದ ಹುಡುಗಿ ಮಾರ್ಗರೆಟ್ಟಾ, ಎರಡೂ ಒಂದೇ ಮರದ ದಿಮ್ಮಿಯಲ್ಲಿ. ಅವಳು ಮುಂದೆ ಹಿಂದೆ ಓಡಿ ಓಡಿ ನೋಡಿದಳು. ಉಳಿದ ಕೋಣೆಗಳನ್ನು ಬಿಟ್ಟೆವು. ಸಾಲಾರ್ ಜಂಗನ್ನು ಪೂರ್ತಿ ನೋಡುತ್ತೇವೆ ಅಂತ ಮಕ್ಕಳ ಜೊತೆ ಹೊರಟರೆ ಯಾರೂ ಮನೆಗೆ ವಾಪಸ್ ಬರಲ್ಲ.

ಕ್ಯಾಂಟೀನಲ್ಲಿ ಕೂತು ಕೊನೆಯ ಕವರ್ ಎಣಿಸಿದೆ. ಶುಕ್ರವಾರದ ಕವರು ಹರಿದಿತ್ತು, ಆದರೂ ಎಲ್ಲಾ ಸೇರಿಸಿ ₹900 ಚಿಲ್ಲರೆ ಇತ್ತು. ಒಳಜೇಬಿನ ಎರಡು ಸಾವಿರ ಹಾಗೇ ಇತ್ತು. ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತು.

ಹನ್ನೆರಡು ಐವತ್ತಕ್ಕೆ ಗುಂಡ ನಮ್ಮನ್ನೆಲ್ಲ ಎಳೆದುಕೊಂಡು ಅಂಗಳಕ್ಕೆ ಬಂದ. ಈಗ ಬೆಂಚುಗಳು ಅರ್ಧ ಖಾಲಿ, ಮುಂದಿನ ಸಾಲೇ ಸಿಕ್ಕಿತು. ಮೂರು ನಿಮಿಷ ಇರುವಾಗ ಗಡ್ಡದವನು ಹೊರಗೆ ಬಂದ. ಗುಂಡ ಎಣಿಸಲು ಬೆರಳು ಬಿಚ್ಚಿ ತಯಾರಾದ.

ಡಣ್.

ಗೊಂಬೆ ಒಳಗೆ ಹೋಯಿತು. ಗುಂಡ ಒಂದು ಬೆರಳು ಹಿಡಿದುಕೊಂಡು ಹಾಗೇ ನಿಂತಿದ್ದ. "ಅಷ್ಟೇನಾ?"

"ಎರಡು ಗಂಟೆಗೆ ಎರಡು ಸಲ ಹೊಡೀತಾನೆ ಕಣೋ" ಅಂತ ಪುಟ್ಟಿ ಸಮಾಧಾನ ಮಾಡಿದಳು.

ಅವನು ಮತ್ತೆ ಬೆಂಚಿನ ಮೇಲೆ ಕೂತುಬಿಟ್ಟ.